ಬೀಗ ಬಿದ್ದ ತಾರಸಿ, ಒಂದೇ ತಿಂಗಳ ಎರಡು ಅಮಾವಾಸ್ಯೆ

೨೦೨೩ರ ಜುಲೈ ೧೭, ಸೋಮವಾರ. ನೋಡಿದ ಆಧಾರಗಳು ಮೂರು: ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದ, ದಿನಕ್ಕೊಂದು ಹಾಳೆ ಹರಿಯುವ ತಮಿಳು ಕ್ಯಾಲೆಂಡರ್, ಇಲ್ಲಿಯವರು ಬಳಸುವ ಪಂಚಾಂಗ, ಇವೆರಡನ್ನೂ ಪೂರ್ತಿ ನಂಬದ ನಾನೇ ಗಣಿತ ಮಾಡಿ ತೆಗೆದ ಕೋಷ್ಟಕ. ಮೂರರಲ್ಲಿಯೂ ಅಂದು ಅಮಾವಾಸ್ಯೆ. ಸೂರ್ಯನು ಕರ್ಕಾಟಕ ರಾಶಿಯನ್ನು ಪ್ರವೇಶಿಸಿದ್ದು ಅಂದಿನ ಸೂರ್ಯೋದಯಕ್ಕೆ ತುಸು ಮೊದಲು. ಆದ್ದರಿಂದ ತಮಿಳರ ಲೆಕ್ಕದಲ್ಲಿ ಅದು ಆಡಿ ತಿಂಗಳ ಮೊದಲ ದಿನ. ಅದೇ ಆಡಿ ಮುಗಿಯುವುದರೊಳಗೆ, ಆಗಸ್ಟ್ ೧೬ರ ಬುಧವಾರ, ಇನ್ನೊಂದು ಅಮಾವಾಸ್ಯೆ ಬಿತ್ತು. ಶಾಸನಗಳ ತಿಥಿಗೂ ವಾರಕ್ಕೂ ಹೊಂದಿಕೆಯಿದೆಯೇ ಎಂದು ಪರೀಕ್ಷಿಸುವುದರಲ್ಲಿಯೇ ವೃತ್ತಿಜೀವನವನ್ನು ಕಳೆದ ನನಗೆ ಇಂಥ ತಿಂಗಳು ಹೊಸತಲ್ಲ. ತೊಡಕು ಬಂದದ್ದು ಆಕಾಶದಿಂದಲ್ಲ, ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿಯಿಂದ.

ಆಗ ನಾನೂ ಅಮ್ಮನೂ ಕಾವೂರಿನ ಫ್ಲಾಟೊಂದರಲ್ಲಿದ್ದೆವು, ಮನೆಯಲ್ಲಿ ನಾವಿಬ್ಬರೇ. ತಮಿಳರಾದ ಅಪ್ಪ ಬಂದರಿನ ಕೆಲಸಕ್ಕೆಂದು ತುಳುವರ ಈ ಊರಿಗೆ ಬಂದು, ಇಲ್ಲಿಯೇ ತೀರಿಕೊಂಡವರು. ಅಂದಿನಿಂದ ಪ್ರತಿ ಅಮಾವಾಸ್ಯೆಗೂ ಅಮ್ಮನ ಕ್ರಮ ಒಂದೇ. ಆ ಬೆಳಿಗ್ಗೆ ಹೊಸ್ತಿಲ ಮುಂದೆ ರಂಗೋಲಿಯಿಲ್ಲ. ಅಡುಗೆಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲ; ಬಾಳೆಕಾಯಿ ಪಲ್ಯ ಇರಲೇಬೇಕು. ನಾನು ಎಳ್ಳುನೀರು ಬಿಟ್ಟು ತರ್ಪಣ ಮುಗಿಸಿದ ಮೇಲೆ, ಬಾಳೆಲೆಯ ತುಂಡಿನಲ್ಲಿ ಅನ್ನ, ಬೇಳೆ, ತುಪ್ಪ ಇಟ್ಟುಕೊಂಡು ಅಮ್ಮ ತಾರಸಿಗೆ ಹೋಗಿ ಕಾಗೆಯನ್ನು ಕರೆಯುತ್ತಿದ್ದಳು. ಕಾಗೆ ಎಲೆಯನ್ನು ಮುಟ್ಟಬೇಕು. ಅದನ್ನು ಅವಳು ಕಣ್ಣಾರೆ ನೋಡಬೇಕು. ಆಮೇಲೆಯೇ ಅವಳ ಊಟ. ಅಮ್ಮನಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಊಟ ತಡವಾದರೆ ರಕ್ತದ ಸಕ್ಕರೆ ಇಳಿದು ಕೈ ನಡುಗುತ್ತದೆ, ತಣ್ಣನೆಯ ಬೆವರು ಬರುತ್ತದೆ. ಹೀಗಾಗಿ ನಮ್ಮ ಮನೆಯಲ್ಲಿ ಕಾಗೆ ಬರುವುದು ತಡವಾದರೆ ಅದು ಆರೋಗ್ಯದ ವಿಷಯವಾಗಿತ್ತು.

ಜೂನ್ ತಿಂಗಳ ಅಮಾವಾಸ್ಯೆ ಕಳೆದ ಮೇಲೆ ತಾರಸಿಗೆ ಸೋಲಾರ್ ಹಲಗೆಗಳು ಬಂದವು, ಅವುಗಳ ಹಿಂದೆಯೇ ಬೀಗವೂ ಬಂತು. ಸೆಕ್ರೆಟರಿಯದು ಜಮೀನಿದ್ದ ತುಳು ಮನೆತನ. ಈಗ ಕೂಳೂರಿನ ಹೆದ್ದಾರಿ ಬದಿಯಲ್ಲಿ ಹೋಟೆಲು. ಸಪ್ಲಾಯರನ್ನು ಕರೆಯುವ ಧ್ವನಿಯಲ್ಲಿಯೇ ಎಲ್ಲರೊಡನೆ ಮಾತಾಡುವ ಮನುಷ್ಯ. ಲಿಫ್ಟಿನ ಬಳಿ ಬೀಗದ ಮಾತೆತ್ತಿದೆ.

"ಎಂತ ಸರ್, ತಿಂಗಳು ತಿಂಗಳು ಕಾಗೆಗೆ ಪಾರ್ಟಿಯಾ?" ಎಂದ. "ಸತ್ತವರಿಗೆ ಬಡಿಸುವುದು ನಮ್ಮಲ್ಲಿಯೂ ಉಂಟು. ಉತ್ತರಕ್ರಿಯೆಗೆ ಒಮ್ಮೆ, ಆಟಿಯಲ್ಲಿ ಒಮ್ಮೆ. ನಿಮ್ಮವರು ಸತ್ತ ಮೇಲೆಯೂ ತಿಂಗಳಿಗೊಂದು ಬಿಲ್ ಕಳಿಸ್ತಾರಲ್ಲ ಮಾರಾಯ್ರೆ!"

"ನಿಮ್ಮ ಹೋಟೆಲಿನಲ್ಲಿ ಊಟ ಹಾಕುವುದು ವರ್ಷಕ್ಕೆ ಎರಡೇ ದಿನವೋ?" ಎಂದು ನಾನು ಕೇಳಿದೆ.

"ನನ್ನ ಗಿರಾಕಿಗಳು ಉಂಡು ಹೋಗಿ ಸೋಲಾರಿನ ಮೇಲೆ ಕೂತು ಗಲೀಜು ಮಾಡುವುದಿಲ್ಲ ಸರ್."

ಲಿಫ್ಟಿನೊಳಗಿದ್ದವರು ನಕ್ಕರು. ನಗು ಸಿಕ್ಕಿದ್ದರಿಂದ ಆತನಿಗೆ ಔದಾರ್ಯ ಬಂತು. "ಒಂದು ಕೆಲಸ ಮಾಡುವ. ಆಟಿ ಅಮಾವಾಸ್ಯೆಗೆ ಮಾತ್ರ ಬೀಗ ತೆಗೆದು ಕೊಡ್ತೇನೆ. ಅದು ನಮಗೂ ಉಂಟು, ನಿಮಗೂ ಉಂಟಲ್ಲ?"

ತಮಿಳರ ಆಡಿ, ತುಳುವರ ಆಟಿ, ಎರಡೂ ಹೆಚ್ಚುಕಡಿಮೆ ಒಂದೇ ತಿಂಗಳು. ಆ ಅಮಾವಾಸ್ಯೆಯಂದು ತುಳುವರ ಮನೆಗಳಲ್ಲಿ ಬೆಳಗಾಗುವ ಮೊದಲು ಹಾಲೆ ಮರದ ತೊಗಟೆ ತಂದು ಕಷಾಯ ಮಾಡಿ ಕುಡಿಯುತ್ತಾರೆ. ವರ್ಷಕ್ಕೆ ಒಂದು ದಿನವಾದರೂ ಗಿಟ್ಟಿತಲ್ಲ ಎಂದುಕೊಂಡು ಜುಲೈ ೧೭ರ ಬೆಳಿಗ್ಗೆ ಆತನ ಬಾಗಿಲು ತಟ್ಟಿದೆ.

"ಇವತ್ತು ಸಂಕ್ರಮಣ ಸರ್. ಆಟಿ ಹಿಡಿಯುವುದು ನಾಳೆ. ಇದು ಆಟಿ ಅಮಾವಾಸ್ಯೆ ಅಲ್ಲ."

ಸಂಕ್ರಮಣವು ಸೂರ್ಯೋದಯಕ್ಕೆ ಮೊದಲೇ ಆಗಿರುವುದರಿಂದ ತಿಂಗಳು ಇಂದೇ ಆರಂಭವೆಂದು ನಾನು ವಿವರಿಸತೊಡಗಿದೆ. ಆತ ಕೈ ಅಡ್ಡ ಮಾಡಿದ. "ಪುಸ್ತಕ ಬೇಡ ಸರ್. ನನ್ನ ಅಮ್ಮ ಕಷಾಯ ಮಾಡಿದ ದಿವಸ ಆಟಿ ಅಮಾವಾಸ್ಯೆ. ಅವರು ಇವತ್ತು ಮಾಡ್ಲಿಲ್ಲ." ಬಾಗಿಲು ಹಾಕಿಕೊಂಡಿತು.

ನಮ್ಮ ತಮಿಳು ಕ್ಯಾಲೆಂಡರಿನಲ್ಲಿಯೂ 'ಆಡಿ ಅಮಾವಾಸ್ಯೆ' ಎಂಬ ಅಚ್ಚು ಇದ್ದದ್ದು ಆಗಸ್ಟ್ ೧೬ರ ಹಾಳೆಯಲ್ಲಿಯೇ. ಅದನ್ನು ಆತನಿಗೆ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ: ಅಮ್ಮನ ಹಸಿವಿಗೆ ಬೇಕಾಗಿದ್ದದ್ದು ತೆರೆದ ತಾರಸಿ, ಅಮಾವಾಸ್ಯೆಯ ಹೆಸರಲ್ಲ.

ಅಡುಗೆಯಾಯಿತು, ತರ್ಪಣವಾಯಿತು. ಅಮ್ಮ ಎಲೆಗೆ ಬಡಿಸಿ ಅಡುಗೆಮನೆಯಲ್ಲಿಯೇ ನಿಂತಳು. ಅವಳು ನನ್ನೊಡನೆ ಮಾತಾಡುವುದು ತಮಿಳಿನಲ್ಲಿ. ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ. "ಅವನ ಹತ್ತಿರ ಜಗಳ ಬೇಡ ಡಾ, ಬಿಡು," ಎಂದಳು.

ನಾನು ಬಿಡಲಿಲ್ಲ. ಎಲೆಯನ್ನು ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು, ಕೊಡೆ ಹಿಡಿದು, ಹತ್ತಿರದ ಕೆರೆಯ ದಂಡೆಗೆ ಹೋದೆ. ಕಾಗೆ ಮುಟ್ಟಿದರೆ ಫೋನಿನಲ್ಲಿ ಚಿತ್ರ ತೆಗೆದು ಅಮ್ಮನಿಗೆ ತೋರಿಸುವುದೆಂದು ನನ್ನ ಯೋಜನೆ. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಸಂಶೋಧಕನಾಗಿ ನೂರಾರು ಕಲ್ಲುಗಳ ಮುಂದೆ ತಾಳ್ಮೆಯಿಂದ ಕುಳಿತವನು, ಅಂದು ಒದ್ದೆ ಅನ್ನದ ಮುಂದೆ ನಿಂತು 'ಕಾ ಕಾ' ಎಂದು ಕೂಗಿದೆ. ಕಾಗೆಗಳು ತಂತಿಯ ಮೇಲೆಯೇ ಕುಳಿತಿದ್ದವು. ಕೊನೆಗೆ ಒಂದು ನಾಯಿ ಬಂದು ಎಲೆಯನ್ನೂ ಬಿಡದೆ ನೆಕ್ಕಿತು.

ಅಲ್ಲಿಂದ ನೇರವಾಗಿ ರಿಕ್ಷಾ ಹಿಡಿದು ಆತನ ಹೋಟೆಲಿಗೆ ಹೋದೆ. ಆತ ಗಲ್ಲಾದಲ್ಲಿ ಕುಳಿತಿದ್ದ. ಊಟದ ಹೊತ್ತು, ಮೇಜುಗಳೆಲ್ಲ ಭರ್ತಿ. ಅಷ್ಟು ಜನರ ಎದುರಿಗೆ, ನನ್ನ ತಾಯಿ ನಿಮ್ಮ ಬೀಗದಿಂದಾಗಿ ಹಸಿದು ಕುಳಿತಿದ್ದಾಳೆ ಎಂದೆ.

"ಊಟ ಮಾಡ್ಬೇಡಿ ಅಂತ ನಾನು ಹೇಳಿದೆನಾ? ಕಾಗೆಗೆ ಕಾಯುವುದು ಅವರ ಇಷ್ಟ. ಒಂದು ಪಾರ್ಸೆಲ್ ಕಟ್ಟಿಸ್ಲಾ ಅಮ್ಮನಿಗೆ?"

"ನಿಮ್ಮ ಅನ್ನವನ್ನು ಕಾಗೆಯೂ ಮುಟ್ಟುವುದಿಲ್ಲ."

"ನಿಮ್ಮದನ್ನು ಮುಟ್ಟಿತಾ ಸರ್?"

ಬಾಯಿಗೆ ಬಂದಂತೆ ಬೈದೆ. ಮಳೆಯಲ್ಲಿ ರಿಕ್ಷಾ ಸಿಗದೆ, ನಿಂತು ನಿಂತು ನಡೆದು ಮನೆ ಸೇರುವಾಗ ಸಂಜೆಯಾಗಿತ್ತು.

"ಬಂತಾ?" ಎಂದು ಕೇಳಿದಳು ಅಮ್ಮ.

"ನಾಯಿ ಬಂತು."

ಅಮ್ಮ ನಕ್ಕಳು. ಒಂದು ಬಾಳೆಹಣ್ಣು ತಿಂದು, "ನನಗೆ ಹಸಿವಿಲ್ಲ ಡಾ, ನೀನು ಉಣ್ಣು," ಎಂದು ಮಲಗಿದಳು. ಹಸಿವು ಸತ್ತುಹೋಗಿರಬೇಕೆಂದು ನಾನು ಸಕ್ಕರೆ ಡಬ್ಬಿ ಹಿಡಿದು ಅವಳ ಮಂಚದ ಪಕ್ಕದಲ್ಲಿ ಕುಳಿತೆ. ಆ ಮನುಷ್ಯನನ್ನು ಈ ಜನ್ಮದಲ್ಲಿ ಕ್ಷಮಿಸಬಾರದೆಂದು ನಿಶ್ಚಯಿಸಿದ್ದು ಅಲ್ಲಿಯೇ.

ಆಗಸ್ಟ್ ೧೬ರಂದು ಆತ ತಾನಾಗಿಯೇ ಬಂದ. ಒಂದು ಕೈಯಲ್ಲಿ ಕೀ, ಇನ್ನೊಂದರಲ್ಲಿ ಕಷಾಯದ ಲೋಟ. "ಬನ್ನಿ ಅಮ್ಮ, ಬೀಗ ತೆಗೆದಿದ್ದೇನೆ. ನಿಮ್ಮ ಕಾಗೆಗೆ ಇವತ್ತು ಡ್ಯೂಟಿ ಉಂಟು."

"ಮೇಲೆ ಹತ್ತುವುದಕ್ಕೆ ನನ್ನಿಂದ ಆಗುವುದಿಲ್ಲಪ್ಪ," ಎಂದಳು ಅಮ್ಮ ಕನ್ನಡದಲ್ಲಿ, ಬಹಳ ಮೆತ್ತಗೆ.

ಇದಕ್ಕಿಂತ ಘನವಾದ ತಿರಸ್ಕಾರವನ್ನು ನಾನು ಕಂಡಿರಲಿಲ್ಲ. ಲಿಫ್ಟ್ ತಾರಸಿಯವರೆಗೂ ಹೋಗುತ್ತಿತ್ತು. ಕಷಾಯವನ್ನು ಮುಟ್ಟದೆ ಹಿಂದಿರುಗಿಸಿದೆ. ಅದೇ ವಾರ ಫ್ಲಾಟನ್ನು ಮಾರಲು ಇಟ್ಟೆ. ಸಿಕ್ಕಿದ ಬೆಲೆಗೆ ಕೊಟ್ಟು, ಜೆಪ್ಪುವಿನಲ್ಲಿ ಅಂಗಳವಿರುವ ಹಳೆಯ ಬಾಡಿಗೆ ಮನೆಗೆ ಬಂದೆವು. ಇಲ್ಲಿ ಕಾಗೆಗಳು ಕರೆಯದೆಯೇ ಕಾಂಪೌಂಡಿನ ಮೇಲೆ ಬಂದು ಕೂರುತ್ತವೆ. ಅಮ್ಮನಿಗೆ ಮನೆ ಹಿಡಿಸಲಿಲ್ಲ. "ಕಾವೂರಿನಲ್ಲಿ ಗಾಳಿ ಚೆನ್ನಾಗಿತ್ತು," ಎನ್ನುತ್ತಾಳೆ. ಹಾಗೆಂದಾಗಲೆಲ್ಲ, ಅಂದು ಇಡೀ ದಿನ ಹಸಿದು ಕೂತದ್ದು ಮರೆತೆಯಾ ಎಂದು ಕೇಳುತ್ತೇನೆ. ಅವಳು ಪಾತ್ರೆ ತೊಳೆಯುವುದನ್ನು ಮುಂದುವರಿಸುತ್ತಾಳೆ.

ಇದನ್ನು ಬರೆಯಲು ಕುಳಿತಾಗ, ಅಭ್ಯಾಸಬಲದಿಂದ, ಆ ದಿನಕ್ಕೆ ಸ್ವತಂತ್ರ ಸಾಕ್ಷ್ಯವೇನಾದರೂ ಸಿಕ್ಕೀತೇ ಎಂದು ಹುಡುಕಿದೆ. ಅಮ್ಮ ಬೆರಳು ಚುಚ್ಚಿ ಸಕ್ಕರೆ ನೋಡಿಕೊಳ್ಳುವ ಸಣ್ಣ ಯಂತ್ರವು ಹಳೆಯ ಅಂಕಿಗಳನ್ನು ದಿನಾಂಕ, ವೇಳೆಗಳೊಂದಿಗೆ ಇಟ್ಟುಕೊಳ್ಳುತ್ತದೆ. ಅದರ ಗಡಿಯಾರ ಸರಿಯಿದೆಯೇ ಎಂದು ಮೊದಲು ಪರೀಕ್ಷಿಸಿದೆ: ಪ್ರಯೋಗಾಲಯದಲ್ಲಿ ರಕ್ತ ಕೊಟ್ಟ ದಿನ ಅಮ್ಮ ಮನೆಗೆ ಬಂದೊಡನೆ ಇಲ್ಲಿಯೂ ಚುಚ್ಚಿಕೊಂಡಿದ್ದಳು, ಅಲ್ಲಿಯ ರಸೀದಿಯ ದಿನಾಂಕ, ವೇಳೆಗಳು ಯಂತ್ರದವಕ್ಕೆ ಹೊಂದುತ್ತವೆ. ಜುಲೈ ೧೭ಕ್ಕೆ ಒಂದು ನಮೂದು ಇದೆ. ವೇಳೆ ಮಧ್ಯಾಹ್ನದ ಇಳಿಹೊತ್ತು, ನಾನು ಹೋಟೆಲಿನಿಂದ ಇನ್ನೂ ಮರಳಿರದ ಹೊತ್ತು. ಅಂಕಿಯ ಪಕ್ಕದಲ್ಲಿ 'ಊಟದ ನಂತರ' ಎಂಬ ಗುರುತಿದೆ. ಆ ಗುರುತು ತಾನಾಗಿ ಬೀಳುವುದಿಲ್ಲ. ಗುಂಡಿ ಒತ್ತಿ ಹಾಕಬೇಕು. ಊಟವಾಗಿ ಎರಡು ಗಂಟೆ ಕಳೆದ ಮೇಲೆಯೇ ಚುಚ್ಚಬೇಕೆಂಬ ಡಾಕ್ಟರರ ಮಾತನ್ನು ಅಮ್ಮ ಎಂದೂ ಮೀರಿದವಳಲ್ಲ. ಎಂದರೆ, ನಾನು ಡಬ್ಬಿ ಹಿಡಿದು ಕೆರೆಯ ಕಡೆಗೆ ಹೋದ ಸ್ವಲ್ಪ ಹೊತ್ತಿನಲ್ಲಿಯೇ ಅವಳ ಊಟ ಆಗಿದೆ. ಅಂದು ಕಾಗೆಯೊಂದು ಅಡುಗೆಮನೆಯ ಕಿಟಕಿಗೆ ಬಂದಿತ್ತೋ, ಕಾಗೆಯಿಲ್ಲದೆಯೇ ಅವಳು ಉಂಡಳೋ, ಯಂತ್ರದಲ್ಲಿ ಇಲ್ಲ. ಬೀಗ ತೆಗೆಯದವನ ಬಗೆಗಿನ ನನ್ನ ಅಭಿಪ್ರಾಯದಲ್ಲಿ ಬದಲಾವಣೆಯಿಲ್ಲ. ಆದರೆ ಅಮ್ಮ ಅಂದು ಸಂಜೆಯವರೆಗೆ ಉಪವಾಸವಿದ್ದಳೆಂಬ ನನ್ನ ನೆನಪನ್ನು ಈ ದಾಖಲೆ ಒಪ್ಪುವುದಿಲ್ಲ.