ಸತ್ಯಮಂಗಲದ ಸೆಕೆಂಡ್ ಹ್ಯಾಂಡ್ ಆಸಿಲೋಸ್ಕೋಪು

ನನಗೆ ಕೋಪ ಮೂಗಿನ ತುದಿಯಲ್ಲೇ. ತುಮಕೂರಿನಲ್ಲಿ ಕಾರುಗಳ ವೈರಿಂಗ್ ಕೆಲಸಕ್ಕೆಂದು ಒಂದು ಶೆಡ್ಡು ಹಾಕಿಕೊಂಡಿದ್ದ ದಿನಗಳಲ್ಲಿ ಸ್ಪ್ಯಾನರ್ ಎಸೆದು ಗೋಡೆಯ ಗಾರೆ ಕಿತ್ತಿದ್ದೇನೆ, ಬಿಚ್ಚಲಾಗದ ಬೋಲ್ಟಿಗೆ ಬೈದು ಬೈದು ಗಂಟಲು ಕಟ್ಟಿಸಿಕೊಂಡಿದ್ದೇನೆ. ‘ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರ್ತದೇನೋ?’ ಎಂದು ನನ್ನ ತಾಯಿ ತಟ್ಟೆಗೆ ಮುದ್ದೆ ಇಡುವಾಗಲೆಲ್ಲ ಕೇಳುತ್ತಿದ್ದಳು. ನಾನು ‘ಸಾರು ಬಿಡು’ ಅನ್ನುತ್ತಿದ್ದೆ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಕಾರ್ಬುರೇಟರ್ ಹೋಗಿ, ಒಳಗೊಂದು ಕಂಪ್ಯೂಟರ್ ಇಟ್ಟುಕೊಂಡ ಕಾರುಗಳು ನಮ್ಮ ಕಡೆಗೂ ಬರತೊಡಗಿದ್ದವು. ಅವುಗಳ ಹೊಟ್ಟೆಯಲ್ಲಿ ಏನಾಗಿದೆ ಎಂದು ನೋಡಲು ನನ್ನ ಹತ್ತಿರ ಇದ್ದದ್ದು ಒಂದೇ ಒಂದು ಹಳದಿ ಮಲ್ಟಿಮೀಟರ್. ಅದು ತೋರಿಸಿದ ಅಂಕಿಯೇ ನನಗೆ ವೇದವಾಕ್ಯ.

ಆಗ ಗುಬ್ಬಿಯ ತೆಂಗಿನಕಾಯಿ ವ್ಯಾಪಾರಿಯೊಬ್ಬರ ಕಾರು ಬಂತು. ಬಿಸಿಲಲ್ಲಿ ಓಡುತ್ತ ಓಡುತ್ತ ಎಂಜಿನ್ ಆಫ್ ಆಗುತ್ತದೆ, ಅರ್ಧ ಗಂಟೆ ಸುಮ್ಮನೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಎರಡು ಸಲ ಹೀಗಾದಾಗ ಯಜಮಾನರು ಬೈದು ಸುಮ್ಮನಾಗಿದ್ದರಂತೆ. ಮೂರನೆಯ ಸಲ ನಿಂತದ್ದು ಹೆಬ್ಬೂರು ದಾಟಿ ಕುಣಿಗಲ್ ದಾರಿಯಲ್ಲಿ, ಮಗನ ನಿಶ್ಚಿತಾರ್ಥಕ್ಕೆ ಹೆಣ್ಣಿನ ಮನೆಗೆ ಹೊರಟಾಗ. ರೇಷ್ಮೆ ಪಂಚೆ ಉಟ್ಟುಕೊಂಡು, ಹಣ್ಣಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು ರಸ್ತೆ ಪಕ್ಕ ಕೂತಿದ್ದಾಗಲೇ ಮುಹೂರ್ತ ಮೀರಿಹೋಯಿತು. ಬೀಗರು ಮುಖ ತಿರುಗಿಸಿದರು. ಮಾರನೆಯ ದಿನ ಬೆಳಿಗ್ಗೆ ಅವರು ಡ್ರೈವರನ್ನು ಕುತ್ತಿಗೆಪಟ್ಟಿ ಹಿಡಿದೇ ನನ್ನ ಶೆಡ್ಡಿಗೆ ತಂದರು. ಜೊತೆಗೆ ಅವರ ಕಾಯಿಮಂಡಿಯ ಇಬ್ಬರು ಆಳುಗಳು.

‘ಇವ್ನೇ ಪೆಟ್ರೋಲ್ ಕದ್ದು ಸೀಮೆಎಣ್ಣೆ ಸುರಿತಾವ್ನೆ. ಗಾಡೀಲಿ ಏನಾದ್ರೂ ಇದ್ರೆ ಹೇಳಯ್ಯಾ. ಇಲ್ದಿದ್ರೆ ಇವನ ಚರ್ಮ ಸುಲಿತೀನಿ.’

ಡ್ರೈವರ್ ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯವನು. ಮೂವತ್ತರ ಆಸುಪಾಸು, ಮಾತು ಕಡಿಮೆ. ನಾನು ಬಾನೆಟ್ ಎತ್ತಿ ಮೀಟರ್ ಹಿಡಿದೆ. ಬ್ಯಾಟರಿ ಸರಿ. ಕಾಯಿಲ್ ಸರಿ. ಎಂಜಿನ್ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ತಿಳಿಸುವ ಸಣ್ಣ ಸೆನ್ಸರ್ ಒಂದಿದೆಯಲ್ಲ, ಅದರ ಅಂಕಿಯೂ ಸರಿ. ಬೆಳಗಿನ ತಂಪಿನಲ್ಲಿ ಎಲ್ಲವೂ ಸರಿಯಾಗಿತ್ತು.

ನಾನು ಮೀಟರಿನಲ್ಲಿ ಮುಳುಗಿದ್ದಾಗ ಆತ ಶೆಡ್ಡಿನ ದೇವರಪಟದ ಕೆಳಗಿದ್ದ ಡಬ್ಬಿಯಿಂದ ಕರ್ಪೂರ ತೆಗೆದು, ಅಂಗೈಯಲ್ಲಿ ಹಚ್ಚಿಕೊಂಡು, ‘ಒಂದ್ ತೊಟ್ಟೂ ಮುಟ್ಟಿಲ್ಲ ಯಜಮಾನ್ರೇ’ ಎಂದು ಆಣೆ ಮಾಡಿದ. ಯಜಮಾನರು ಒಂದು ಗಳಿಗೆ ಅಳುಕಿದರು. ಉರಿಯುವ ಕರ್ಪೂರ ಹಿಡಿದವನ ಮೇಲೆ ಕೈಮಾಡಲು ನಮ್ಮ ಕಡೆ ಯಾರೇ ಆದರೂ ಹೆದರುತ್ತಾರೆ. ಆ ಗಳಿಗೆಯಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೂ ಸಾಕಿತ್ತು.

‘ಮೀಟರ್ ಸುಳ್ ಹೇಳಲ್ಲ. ಗಾಡೀಲಿ ಏನೂ ಇಲ್ಲ’ ಅಂದೆ.

‘ಅಣ್ಣ, ಬಿಸಿ ಆದ್ಮೇಲೆ ಇನ್ನೊಂದ್ ಸಲ ನೋಡಣ್ಣ. ತಣ್ಗಿದ್ದಾಗ ಅದು ತೋರ್ಸಲ್ಲ ಕಣಣ್ಣ.’

ಸ್ಟೀರಿಂಗ್ ಹಿಡಿಯುವವನು ನನಗೆ ಕಸುಬು ಹೇಳಿಕೊಡುವುದೇ? ಅಷ್ಟು ಸಾಕಾಯಿತು ನನಗೆ. ‘ನಂಗೇ ಕೆಲ್ಸ ಕಲಿಸ್ತೀಯೇನ್ಲಾ?’ ಎಂದು ಬಲಗೈ ಬೀಸಿ ಅವನ ಎಡಗೆನ್ನೆಗೆ, ಕಿವಿಯನ್ನೂ ಸೇರಿಸಿ, ಬಾರಿಸಿದೆ. ಕರ್ಪೂರ ಕೆಳಗೆ ಬಿತ್ತು. ಮೊದಲ ಏಟು ನನ್ನದು. ಆಮೇಲಿನವು ಯಜಮಾನರ ಚಪ್ಪಲಿಯವು, ಆಳುಗಳ ಕಾಲಿನವು. ಅವನು ಮಡಚಿಕೊಂಡು ಟೈರಿನ ಪಕ್ಕ ಬಿದ್ದ. ಮೂಗಿನ ರಕ್ತ ಗ್ರೀಸಿನ ಜೊತೆ ಸೇರಿ ನೆಲಕ್ಕೆ ಅಂಟಿತು. ಬೀದಿಯಲ್ಲಿ ನಿಂತವರು ನೋಡಿದರು, ಬಿಡಿಸಲಿಲ್ಲ. ಕೊನೆಗೆ ಅವನೇ ಎದ್ದ. ಚಪ್ಪಲಿ ಹುಡುಕಿದ. ಒಂದೇ ಸಿಕ್ಕಿತು, ಅದನ್ನೇ ಮೆಟ್ಟಿಕೊಂಡು ಹೋದ. ನಾನು ಕೈ ತೊಳೆದು ಟೀ ಕುಡಿದೆ.

ಹದಿನೈದು ದಿನಕ್ಕೆ ಅದೇ ಕಾರು ಲಾರಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂತು. ಈ ಸಲ ಓಡಿಸುತ್ತಿದ್ದವರು ಯಜಮಾನರೇ. ಕೋರದ ಹತ್ತಿರ ಹೈವೇಯಲ್ಲಿ ಎಂಜಿನ್ ನಿಂತು, ಹಿಂದಿನ ಬಸ್ಸು ಗುದ್ದುವುದು ಕೂದಲೆಳೆಯಲ್ಲಿ ತಪ್ಪಿತ್ತು. ನನ್ನ ಹಳದಿ ಮೀಟರನ್ನು ಮೇಜಿನಿಂದೆತ್ತಿ ನೆಲಕ್ಕೆ ಅಪ್ಪಳಿಸಿದರು, ಚೂರಾಗುವವರೆಗೂ ತುಳಿದರು. ‘ಈಗ ಯಾರನ್ನ ಹೊಡೀಲಿ ಹೇಳಯ್ಯಾ? ನಿನ್ನನ್ನಾ?’

ಕಾರನ್ನು ಅಲ್ಲೇ ಬಿಟ್ಟು ಅವರು ಹೊರಟುಹೋದರು. ‘ಬಿಸಿ ಆದ್ಮೇಲೆ ನೋಡಣ್ಣ’ ಅನ್ನುವ ಮಾತು ಅಲ್ಲೇ ನಿಂತು ನನ್ನನ್ನೇ ನೋಡುತ್ತಿತ್ತು.

ಎಂಜಿನ್ ನಿಲ್ಲುವ ಆ ಒಂದು ಚಣವನ್ನು ಹಿಡಿಯಬೇಕಿತ್ತು. ಮಲ್ಟಿಮೀಟರ್ ಸರಾಸರಿ ತೋರಿಸುತ್ತದೆ, ನಡುವೆ ಸಿಗ್ನಲ್ ಕಣ್ಣು ಮಿಟುಕಿಸಿದರೆ ಅದಕ್ಕೆ ಗೊತ್ತಾಗುವುದಿಲ್ಲ. ಸಿಗ್ನಲನ್ನು ಅಲೆಯಂತೆ ಪರದೆಯ ಮೇಲೆ ಬರೆದು ತೋರಿಸುವ ಆಸಿಲೋಸ್ಕೋಪು ಬೇಕು. ಹೊಸದನ್ನು ಕೊಳ್ಳುವ ಯೋಗ್ಯತೆ ನನಗಿರಲಿಲ್ಲ. ತುಮಕೂರಿನದೇ ಸತ್ಯಮಂಗಲದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಬ್ಬರು ಮುದುಕರಿದ್ದರು. ಮುಚ್ಚಿಹೋದ ಫ್ಯಾಕ್ಟರಿಗಳ ಹಳೇ ಉಪಕರಣ ತಂದು ರಿಪೇರಿ ಮಾಡಿ ಮಾರುತ್ತಿದ್ದರು. ಕಾರನ್ನೇ ಎಳೆಸಿಕೊಂಡು ಅಲ್ಲಿಗೆ ಹೋದೆ.

ಬೆಂಚಿನ ಮೇಲೆ ಎರಡಿದ್ದವು. ಒಂದು ದೊಡ್ಡದು, ಹೊಳೆಯುವ ಗುಂಡಿಗಳದ್ದು, ನೂರು ಮೆಗಾಹರ್ಟ್ಸ್ ವೇಗದ್ದು. ಇನ್ನೊಂದು ಚಿಕ್ಕದು, ಇಪ್ಪತ್ತರದ್ದು, ಮೈಯೆಲ್ಲ ಗೀರು. ಬೆಲೆಯಲ್ಲಿ ಎರಡಕ್ಕೂ ಅಂಥ ಅಂತರವಿರಲಿಲ್ಲ. ನನ್ನ ಕೈ ದೊಡ್ಡದರ ಕಡೆಗೇ ಹೋಯಿತು.

‘ತಡ್ಕೋ ಮಾರಾಯ’ ಅಂದರು ಮುದುಕರು. ‘ಕಾರಿನ ಸಿಗ್ನಲ್ಲು ಎತ್ತಿನ ಗಾಡಿ ಇದ್ದಂಗೆ. ಅದನ್ನ ಹಿಡಿಯೋಕೆ ರೇಸ್ ಕುದುರೆ ಯಾಕೆ? ಎರಡನ್ನೂ ಹಾಕಿ ನೋಡು, ಆಮೇಲ್ ತಗೋ.’

ಮಧ್ಯಾಹ್ನದ ಬಿಸಿಲಲ್ಲಿ ಕಾರು ನಿಲ್ಲಿಸಿ, ರೇಡಿಯೇಟರ್ ಮುಂದೆ ಗೋಣಿಚೀಲ ಇಳಿಬಿಟ್ಟು ಎಂಜಿನ್ ಕಾಯಿಸಿದೆವು. ಮೊದಲು ದೊಡ್ಡದು. ಹಸಿರು ಅಲೆ ಚೆನ್ನಾಗಿಯೇ ಓಡಿತು. ಎಂಜಿನ್ ಕೆಮ್ಮಿ ನಿಂತಿತು, ಅಲೆಯೂ ಅಳಿಸಿಹೋಯಿತು. ಯಾವುದು ಮೊದಲು ಹೋಯಿತು, ಸೆನ್ಸರೋ ಕರೆಂಟೋ, ನನಗೆ ಕಾಣಲೇ ಇಲ್ಲ. ಅದಕ್ಕೆ ವೇಗವಿತ್ತು, ನೆನಪಿರಲಿಲ್ಲ. ತಣಿಯಲು ಬಿಟ್ಟು, ಎರಡನೆಯ ಸಲ ಗೀರು ಬಿದ್ದದ್ದನ್ನು ಹಚ್ಚಿದೆವು. ಅದರ ಎರಡು ಚಾನೆಲ್‌ಗಳಲ್ಲಿ ಒಂದು ಸೆನ್ಸರಿಗೆ, ಇನ್ನೊಂದು ಕಂಪ್ಯೂಟರಿಗೆ ಹೋಗುವ ಕರೆಂಟಿಗೆ. ಎಂಜಿನ್ ನಿಂತ ಕೂಡಲೇ ಮುದುಕರು ಸ್ಟಾಪ್ ಒತ್ತಿದರು. ಆದದ್ದೆಲ್ಲ ಪರದೆಯ ಮೇಲೆ ಹಾಗೇ ನಿಂತಿತ್ತು. ಕೆಳಗೆ ಕರೆಂಟಿನ ಗೆರೆ ಅಲುಗಾಡದೆ ನೆಟ್ಟಗಿದೆ. ಮೇಲೆ ಸೆನ್ಸರಿನ ಅಲೆ, ಅಲೆ, ಅಲೆ, ಆಮೇಲೆ ಬೋಳು. ಕಾದಾಗ ಮಾತ್ರ ಸೆನ್ಸರಿನೊಳಗಿನ ಸುರುಳಿಯ ತಂತಿ ಬಿಟ್ಟುಕೊಳ್ಳುತ್ತಿತ್ತು. ಆ ಡ್ರೈವರ್ ಹೇಳಿದ್ದೂ ಅದನ್ನೇ.

ಹಳೇ ಸ್ಕೂಟರ್ ಮಾರಿ ಆ ಗೀರು ಬಿದ್ದದ್ದನ್ನೇ ಕೊಂಡೆ. ಹೊರಡುವ ಮುಂಚೆ ಸೆನ್ಸರನ್ನು ಕಿತ್ತು, ಕಲ್ಲಿನ ಮೇಲಿಟ್ಟು, ಸುತ್ತಿಗೆಯಿಂದ ಪುಡಿ ಮಾಡಿದೆ. ಎಂಜಿನ್ ಕಾಯುವಾಗ ನನ್ನಿಂದ ಡ್ರೈವರಿನ ಕತೆ ಕೇಳಿದ್ದ ಮುದುಕರು ನಕ್ಕರು. ‘ಅದನ್ನೂ ಹೊಡೆದ್ಯಾ? ಸರಿ ಬುಡು.’

ಹೊಸ ಸೆನ್ಸರ್ ಹಾಕಿ, ಕಾರನ್ನು ಗುಬ್ಬಿಗೆ ಒಯ್ದು ಯಜಮಾನರಿಗೆ ವಿಷಯ ಹೇಳಿದೆ. ಅವರು ಅಡಿಕೆಯ ಜಗಿತ ನಿಲ್ಲಿಸದೆ, ‘ಓಡ್ತದೆ ತಾನೆ?’ ಅಂದರು.

‘ಆ ಡ್ರೈವರು ಕದ್ದಿರ್ಲಿಲ್ಲ.’

‘ಈಗ ಅವನ್ಯಾಕೆ ಬುಡಯ್ಯಾ.’

ಕೊರಳಿಗೆ ಕೈ ಹಾಕಿದೆ. ಅವರ ಅಂಗಿಯ ಗುಂಡಿ ಕಿತ್ತು ನನ್ನ ಮುಷ್ಟಿಗೆ ಬಂತು. ಅಷ್ಟರಲ್ಲಿ ಅದೇ ಇಬ್ಬರು ಆಳುಗಳು ನನ್ನನ್ನು ಮಂಡಿಯ ಕಾಯಿ ರಾಶಿಯ ಮೇಲೆ ಕೆಡವಿ ತುಳಿದರು. ಒಂದು ಹಲ್ಲು ಅಲ್ಲೇ ಹೋಯಿತು. ಮನೆಗೆ ಬರುವಾಗ, ಬಾಯಲ್ಲಿ ರಕ್ತ ತುಂಬಿಕೊಂಡು, ಒಂದು ಬಗೆಯ ನೆಮ್ಮದಿಯೂ ಆಯಿತು ನನಗೆ, ನಾನೂ ತಿಂದೆನಲ್ಲ ಎಂದು. ಎಂಥ ಹೇಡಿ ನೆಮ್ಮದಿ ಅದು.

ಊತ ಇಳಿದ ಮೇಲೆ ಕೊತ್ತಗೆರೆಗೆ ಹೋದೆ. ಟೀ ಅಂಗಡಿಯಲ್ಲಿ ಮನೆ ಕೇಳಿದರೆ, ‘ಯಾರು, ಆ ಪೆಟ್ರೋಲ್ ಕಳ್ಳನ್ದಾ?’ ಅಂದರು. ಗುಬ್ಬಿಯ ಸುದ್ದಿ ನನಗಿಂತ ಮೊದಲೇ ಬಂದು ಕೂತಿತ್ತು. ಅವನಿಗೆ ಯಾರೂ ಟ್ರಾಕ್ಟರ್ ಕೀ ಕೂಡ ಕೊಡುತ್ತಿರಲಿಲ್ಲವಂತೆ.

ಅವನು ಯಾರದೋ ತೋಟದ ಕಾಯಿಗಳನ್ನು ಕೂಲಿಗೆ ಸುಲಿಯುತ್ತಿದ್ದ, ತನ್ನ ಮನೆಯ ಮುಂದೆಯೇ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುತ್ತಿ, ಮೈಭಾರವನ್ನೆಲ್ಲ ಬಿಟ್ಟು ಸಿಪ್ಪೆ ಸೀಳುತ್ತಿದ್ದ. ಎಡಗಡೆಯಿಂದ ಹೋಗಿ ಕರೆದೆ. ತಿರುಗಲಿಲ್ಲ. ಇನ್ನೂ ಹತ್ತಿರ ಹೋಗಿ, ‘ತಪ್ಪು ನಂದು’ ಎಂದು ಮೆಲ್ಲಗೆ ಅಂದೆ. ದಾರಿಯುದ್ದಕ್ಕೂ ಮೆಲ್ಲಗೆ ಹೇಳುವುದೆಂದೇ ಕಲಿತುಕೊಂಡು ಬಂದಿದ್ದೆ. ಅಂಗಳ ಗುಡಿಸುತ್ತಿದ್ದ ಅವನ ಹೆಂಡತಿ ಪೊರಕೆ ಹಿಡಿದೇ ನೆಟ್ಟಗಾದಳು.

ಅವಳನ್ನು ನೋಡಿ ಅವನು ತಿರುಗಿದ. ‘ಈ ಕಡೆ ಬಂದು ಹೇಳಣ್ಣ. ಆ ಕಿವಿ ಕೇಳ್ಸಲ್ಲ.’

ಚಪ್ಪಲಿಯ ಏಟುಗಳು ಬೆನ್ನಿಗೆ ಬಿದ್ದಿದ್ದವು, ಒದೆತ ಪಕ್ಕೆಗೆ. ಎಡಗಿವಿಗೆ ಬಿದ್ದದ್ದು ಒಂದೇ.

ಬಲಕ್ಕೆ ಬಂದು ಹೇಳಿದೆ. ‘ಕೇಳಿಸ್ಲಿಲ್ಲ’ ಅಂದ. ಜೋರಾಗಿ ಹೇಳಿದೆ. ಪಕ್ಕದ ಮನೆಯವರು ಹೊರಗೆ ಬಂದರು, ಟೀ ಅಂಗಡಿಯವನೂ ಬಂದು ನಿಂತ. ಡ್ರೈವರ್ ಅವರನ್ನೆಲ್ಲ ಒಂದು ಸಲ ನೋಡಿ, ‘ಇನ್ನೊಂದ್ ಸಲ ಹೇಳಣ್ಣ’ ಅಂದ. ನಿಜವಾಗಿ ಕೇಳಿಸಲಿಲ್ಲವೋ, ಊರಿಗೆ ಕೇಳಿಸಲಿ ಎಂದೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗಂಟಲು ಹರಿಯುವಂತೆ ಕೂಗಿದೆ. ಇವನು ಒಂದು ತೊಟ್ಟೂ ಕದ್ದಿಲ್ಲ, ನಂದೇ ತಪ್ಪು, ಇವನು ಹೇಳಿದ್ದೇ ಸರಿ, ಮೊದಲು ಕೈ ಎತ್ತಿದವನು ನಾನು.

ಅವನು ಇನ್ನೊಂದು ಕಾಯಿಯೆತ್ತಿ ಮೊನೆಗೆ ಕುತ್ತಿದ.

‘ಈಗ ಕೇಳಿಸ್ತು’ ಅಂದ. ‘ಹೋಗಣ್ಣ.’