ಅಜ್ಜನ ಕಟ್ಟೆಯ ಮೇಲೆ ಕೇಸು

ನಮ್ಮ ಮನೆಯಲ್ಲಿ ವಾದವಿಲ್ಲದೆ ಉಪ್ಪಿಟ್ಟೂ ಗಂಟಲಲ್ಲಿ ಇಳಿಯುವುದಿಲ್ಲ. ಅಜ್ಜ ವಕೀಲರು, ವಿಜಯನಗರದ ನಮ್ಮ ವಾರ್ಡಿಗೆ ಕಾರ್ಪೊರೇಟರ್ ಆಗಿದ್ದವರು. ಅಪ್ಪನೂ ವಕೀಲರೇ. ಅದೇ ವಾರ್ಡಿನಲ್ಲಿ ನಿಂತು ಸೋತರು, ಸೋತ ಮೇಲೂ ಜನರ ಅರ್ಜಿ ಬರೆದುಕೊಡುವುದನ್ನು ಬಿಡಲಿಲ್ಲ. ನಾನು ನಾಗರಬಾವಿಯಲ್ಲಿ ಕಾನೂನು ಓದಿ ಕರಿಕೋಟು ಹಾಕಿಕೊಂಡಾಗ ಮನೆಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಬೇರೇನಾದರೂ ಓದಿದ್ದರೆ ನೋಟಿಸ್ ಬರುತ್ತಿತ್ತೇನೋ.

ಈ ಎಲ್ಲ ಜನಸೇವೆ ನಡೆಯುತ್ತಿದ್ದದ್ದು ಗೇಟಿನ ಹೊರಗಿನ ಕಲ್ಲುಕಟ್ಟೆಯ ಮೇಲೆ. ಬೆಳಿಗ್ಗೆ ಅಜ್ಜ ವಿಭೂತಿ ಹಚ್ಚಿಕೊಂಡು ಅಲ್ಲಿ ಕೂತರೆ ಸುಂಕದಕಟ್ಟೆ, ಲಗ್ಗೆರೆಯಿಂದಲೂ ಜನ ಬರುತ್ತಿದ್ದರು. ನೀರು ಬಂದಿಲ್ಲ, ಪಿಂಚಣಿ ನಿಂತಿದೆ, ಓನರ್ ಮನೆ ಬಿಡು ಅಂತಿದ್ದಾನೆ. ಅಜ್ಜನ ಕಾನೂನು ಒಂದೇ. ಕಟ್ಟೆಯ ಮೇಲೆ ಕೂತವರ ಮಾತು ಮುಗಿಯುವ ತನಕ ನಾವು ಬಾಯಿ ಬಿಡಬಾರದು. ಮುಗಿದ ಮೇಲೆ, ಎದುರಿಗೆ ಮೊದಲು ಸಿಕ್ಕ ವಕೀಲರು ಅವರ ಕೆಲಸ ಹಿಡಿಯಬೇಕು. ಆಗಲ್ಲ ಅನ್ನುವ ಹಾಗಿಲ್ಲ.

ಹೋದ ವರ್ಷ ಪಕ್ಕದ ಮನೆಗೆ ಧಾರವಾಡದ ಕಡೆಯ ನಿವೃತ್ತ ಟೀಚರೊಬ್ಬರು ಬಾಡಿಗೆಗೆ ಬಂದರು. ಮಂಡಿ ಆಪರೇಷನ್ ಆಗಿ ವಾಕರ್ ಹಿಡಿದು ನಡೆಯುತ್ತಿದ್ದರು. ಒಂದು ಬೆಳಿಗ್ಗೆ ಬಂದು ಅಜ್ಜನ ಪಕ್ಕ ಕಟ್ಟೆಯ ಮೇಲೆ ಕೂತರು.

"ಡಾಕ್ಟರು ದಿನಾ ನಡೀರಿ ಅಂದಾರ. ಪಾರ್ಕಿಗೆ ಹೋಗಬೇಕಂದ್ರ ಒಬ್ಬರು ಫುಟ್‌ಪಾತ್ ಮ್ಯಾಲೆ ಕಟ್ಟಿ ಕಟ್ಟ್ಯಾರ, ವಾಕರ್ ದಾಟಂಗಿಲ್ಲ. ರಸ್ತಾಕ್ಕ ಇಳಿದ್ರ ಗಾಡಿ ಮೈಮ್ಯಾಲೆ ಬರ್ತಾವ."

ಅಜ್ಜನಿಗೆ ಸಿಟ್ಟು ಬಂತು. "ಯಾರ ಮನೆ ಕಟ್ಟೆ ಹೇಳಿ, ನಾನು ನೋಡ್ಕೋತೀನಿ."

"ಇದ ರೀ," ಎಂದು ಟೀಚರ್ ತಾವು ಕೂತ ಕಲ್ಲನ್ನೇ ತಟ್ಟಿದರು.

ಕಾಫಿ ಹಿಡಿದು ಎದುರಿಗೆ ನಿಂತಿದ್ದವಳು ನಾನು. ನನ್ನ ಮೊದಲ ಕೇಸು ಸಿಕ್ಕಿದ್ದು ಹಾಗೆ.

ಆ ಭಾನುವಾರ ನಡುಮನೆಯಲ್ಲೇ ವಿಚಾರಣೆ ನಡೆಯಿತು. ಕಾನೂನು ಓದದವರು ಅಮ್ಮ ಒಬ್ಬರೇ ಆದ್ದರಿಂದ ಅವರೇ ಜಡ್ಜು. ಅಪ್ಪ ಅಜ್ಜನ ಪರ ನಿಂತು, ಕಟ್ಟೆ ಬಂದ ಮೇಲೆ ಫುಟ್‌ಪಾತ್ ಬಂತು ಎಂದು ಗಂಟಲು ಹರಿದುಕೊಂಡರು. ನಾನೂ ಬಿಡಲಿಲ್ಲ. ಆದರೆ ಒಳಗೊಳಗೇ ಹೆದರಿಕೆ. ಕಟ್ಟೆ ಹೋದರೆ ಅಜ್ಜ ಎಲ್ಲಿ ಕೂರುತ್ತಾರೆ? ಜನ ಬರದಿದ್ದರೆ ಟೀವಿ ಮುಂದೆ ಕೂತು ಸೊರಗುತ್ತಾರೆ. ಈ ಕೇಸು ಗೆಲ್ಲುವ ಆಸೆಯೇ ನನಗಿರಲಿಲ್ಲ.

ಅಜ್ಜ ಎದ್ದರು. ವಿಚಾರಣೆಗೆ ಬಂದು ಕೂತಿದ್ದ ಟೀಚರ ವಾಕರ್ ಕೇಳಿ ಪಡೆದು ಫುಟ್‌ಪಾತಿಗೆ ಹೊರಟರು. ಕಟ್ಟೆಗೂ ಲೈಟುಕಂಬಕ್ಕೂ ನಡುವೆ ಸಿಕ್ಕಿಹಾಕಿಕೊಂಡರು. ಮುಂದೆ ಹೋಗುವಂತಿಲ್ಲ, ಹಿಂದೆ ಬರಲು ಬರುವುದಿಲ್ಲ. ಅಪ್ಪನೇ ಹೋಗಿ "ರಿವರ್ಸ್ ತಗೊಳ್ಳಿ, ರಿವರ್ಸ್" ಎಂದು ಬಿಡಿಸಿಕೊಂಡು ಬಂದರು.

"ಈ ರೋಡಲ್ಲಿ ಎಷ್ಟು ಅಂಗಡಿ ಮೆಟ್ಲು ಒಡೆಸಿದೀನಿ," ಎಂದರು ಅಜ್ಜ. "ಇದೊಂದು ಯಾಕೆ ಕಾಣಲಿಲ್ಲ ನಂಗೆ?"

"ಅದರ ಮೇಲೆ ನೀವೇ ಕೂತಿದ್ರಲ್ಲ ಮಾವ," ಎಂದರು ಅಮ್ಮ. ತೀರ್ಪು ಅಷ್ಟೇ.

ಕಟ್ಟೆ ಹೋಯಿತು. ಅಜ್ಜ ಗೇಟಿನ ಒಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು. ಗೇಟು ದಾಟಲು ಜನ ಹಿಂಜರಿದರು, ಬರುವವರು ಕಡಿಮೆಯಾದರು. ಅಜ್ಜನ ಮುಖ ನೋಡಲಾಗದೆ ನಾನು ಹಿಂಬಾಗಿಲಿನಿಂದ ಕೋರ್ಟಿಗೆ ಹೋಗುತ್ತಿದ್ದೆ.

ಒಂದು ಬೆಳಿಗ್ಗೆ ಕುರ್ಚಿ ಖಾಲಿ. ಗಾಬರಿಯಾಗಿ ಹುಡುಕುತ್ತಾ ಹೊರಟರೆ ಫುಟ್‌ಪಾತಿನಲ್ಲಿ ಇಬ್ಬರು ಬರುತ್ತಿದ್ದರು, ಟೀಚರ್ ವಾಕರ್ ಹಿಡಿದು, ಅಜ್ಜ ಕೋಲು ಹಿಡಿದು. ಅವರ ಹಿಂದೆ ಕೈಯಲ್ಲಿ ಕಾಗದ ಹಿಡಿದ ನಾಲ್ಕಾರು ಜನ.

"ಪಾರ್ಕಲ್ಲಿ ಬೆಂಚಿದೆ ಕಣೇ," ಎಂದರು ಅಜ್ಜ, ಏದುಸಿರು ಬಿಡುತ್ತಾ. "ಕಾರ್ಪೊರೇಷನ್‌ದು. ಅದರ ಮೇಲೆ ನೀನು ಕೇಸು ಹಾಕೋಕಾಗಲ್ಲ. ನಾಳೆಯಿಂದ ನೀನೂ ಬಾ. ಎದುರಿಗೆ ಒಬ್ಬ ವಕೀಲರು ಬೇಕಲ್ಲ."