ಕೂಸಿನ ಕಡೆಯವರು

ಸ್ಟೇಶನ್ ಬಜಾರದಲ್ಲಿ ನನ್ನದೊಂದು ಖಾನಾವಳಿ ಇದೆ. ಹಿರಿಯರಿಲ್ಲದೆ ರೈಲಿನಿಂದ ಇಳಿದ ಮಕ್ಕಳು ಕಂಡರೆ ಹಮಾಲರು ನನ್ನ ಬಾಗಿಲಿಗೇ ತಂದು ಬಿಡುತ್ತಾರೆ. ಊಟ ಹಾಕುತ್ತೇನೆ, ತಲೆಗೆ ಎಣ್ಣೆ ಹಚ್ಚುತ್ತೇನೆ. ಆದರೆ "ಈ ಕೂಸು ನಮಗ ಕೊಡ್ರಿ" ಎಂದು ಯಾರಾದರೂ ಬಂದರೆ ನನ್ನ ಬಾಯಿ ಕೆಡುತ್ತದೆ. ಮೊದಲು ಕೂಸನ್ನು ಕೇಳಿ ಎನ್ನುತ್ತೇನೆ. ಅಕ್ಕ ತಮ್ಮ ಇದ್ದರೆ ಇಬ್ಬರನ್ನೂ ಒಯ್ಯಿರಿ, ಆಗದಿದ್ದರೆ ಬಂದ ದಾರಿ ಹಿಡಿಯಿರಿ ಎನ್ನುತ್ತೇನೆ. ಈಕೆಗೆ ತಲೆ ಕೆಟ್ಟಿದೆ ಎಂದು ಬಜಾರದಲ್ಲಿ ಮಾತಿದೆ. ಕೆಟ್ಟಿದೆ, ಇಲ್ಲ ಎನ್ನುವುದಿಲ್ಲ. ಕೆಟ್ಟದ್ದು ಹೇಗೆ ಎಂದು ಮಾತ್ರ ಯಾರೂ ಕೇಳಿಲ್ಲ.

ನಾನೂ ಹಾಗೇ ಇಳಿದವಳು. ಸೊಲ್ಲಾಪುರದಲ್ಲಿ ಪ್ಲೇಗು ಬಿದ್ದ ವರ್ಷ ಅವ್ವ ಸತ್ತಳು. ಅಪ್ಪನ ಬಗಲಲ್ಲಿ ಗಂಟು ಎದ್ದ ದಿನವೇ ಅವನು ನಮ್ಮಿಬ್ಬರನ್ನು ರೈಲು ಹತ್ತಿಸಿದ. ನನಗೆ ಒಂಬತ್ತು ವರ್ಷ, ತಂಗಿಗೆ ನಾಲ್ಕು. ನಿಜಾಮರ ಸೀಮೆಗೆ ನಮ್ಮ ಕಡೆ ಮೊಗಲಾಯಿ ಎನ್ನುತ್ತಿದ್ದರು. ಅಪ್ಪ ನಮ್ಮನ್ನು ಮುಟ್ಟಲಿಲ್ಲ. ಕಂಬದ ಹತ್ತಿರ ನಿಂತುಕೊಂಡೇ ಹೇಳಿದ, "ಮೊಗಲಾಯಿಗೆ ಹೋಗ್ರಿ. ಕಲಬುರ್ಗಿ ಠೇಶನ್ನಿಗೆ ನಿಮ್ಮ ಸೋದರಮಾವ ಬರ್ತಾನ. ತಂಗಿ ಕೈ ಬಿಡಬ್ಯಾಡವಾ."

ಮಾವ ಬರಲಿಲ್ಲ. ಗಿರಣಿಯ ಕೆಲಸ ಬಿಟ್ಟು ಎತ್ತಲೋ ಹೋಗಿದ್ದನೆಂದು ಎಷ್ಟೋ ದಿನದ ಮೇಲೆ ತಿಳಿಯಿತು. ಪ್ಲೇಗಿನ ಊರಿನಿಂದ ಬಂದವರನ್ನು ಆಗ ಊರಾಚೆ ಗುಡಿಸಲುಗಳಲ್ಲಿ ಹತ್ತು ದಿನ ಕೂಡಿಹಾಕುತ್ತಿದ್ದರು. ನಮ್ಮನ್ನೂ ಹಾಕಿದರು. ಹತ್ತು ದಿನ ಕಳೆದು ಎಲ್ಲರೂ ತಮ್ಮ ತಮ್ಮವರ ಕಡೆಗೆ ಹೋದರು, ನಾವಿಬ್ಬರು ಉಳಿದೆವು. ಬಂದವರೆಲ್ಲ ನಮ್ಮ ತಲೆಯ ಮೇಲಿಂದ ಒಬ್ಬರನ್ನೊಬ್ಬರು ಕೇಳುತ್ತಿದ್ದರು, "ಯಾರ ಮಕ್ಕಳಿವು? ಇವನ್ನೇನು ಮಾಡೋದು?" ನನಗೆ ಬಾಯಿ ಇತ್ತು, ಹೆಸರು ಗೊತ್ತಿತ್ತು, ಅಪ್ಪನ ಮನೆಯ ಓಣಿ ಗೊತ್ತಿತ್ತು. ನನ್ನನ್ನು ಒಬ್ಬರೂ ಕೇಳಲಿಲ್ಲ.

ಗುಡಿಸಲುಗಳಿಗೆ ರೊಟ್ಟಿ ತರುತ್ತಿದ್ದ ಹೆಂಗಸು ಕೊನೆಗೆ ಕಾವಲಿನವನ ಮುಂದೆ ಹೆಬ್ಬೆಟ್ಟು ಒತ್ತಿ ನಮ್ಮನ್ನು ಕರೆದೊಯ್ದಳು. ಈ ಖಾನಾವಳಿ ಆಗ ಅವಳದು. ಗಂಡ ಸತ್ತವಳು, ಮಾತು ಜೋರು, ಕೈ ಮೃದು. ದೊಡ್ಡವ್ವ ಎಂದು ಕರೆಯಿರಿ ಎಂದಳು, ಕರೆದೆವು. ಅವಳು ಒಳ್ಳೆಯವಳಾಗಿರಲಿಲ್ಲ ಎಂದು ಬರೆದರೆ ನನ್ನ ಹೊಟ್ಟೆಯ ಉರಿ ಸ್ವಲ್ಪ ಆರೀತು, ಆದರೆ ಅದು ಸುಳ್ಳು. ತಂಗಿಗೆ ಜ್ವರ ಬಂದಾಗ ಮೂರು ದಿನ ಒಲೆ ಹೊತ್ತಿಸದೆ ಪಕ್ಕದಲ್ಲಿ ಕೂತವಳು ಅವಳು. ಅಪ್ಪ ಹೋದನೆಂಬ ಸುದ್ದಿ ಬಂದ ದಿನ ನನ್ನನ್ನು ಎದೆಗವಚಿಕೊಂಡು, "ನಾ ಇಲ್ಲೇನವಾ? ನಿಮ್ಮಿಬ್ಬರನ್ನ ಯಾರೂ ಅಗಲಸಂಗಿಲ್ಲ" ಎಂದವಳೂ ಅವಳೇ. ಆ ಮಾತನ್ನು ನಾನು ನಂಬಿದೆ. ಅಲ್ಲಿಯವರೆಗೆ ಮಲಗುವಾಗ ತಂಗಿಯ ಪರಕಾರದ ಅಂಚನ್ನು ನನ್ನ ಪರಕಾರಕ್ಕೆ ಗಂಟು ಹಾಕಿಕೊಳ್ಳುತ್ತಿದ್ದೆ. ಅಂದಿನಿಂದ ಗಂಟು ಹಾಕುವುದನ್ನು ಬಿಟ್ಟೆ.

ಒಂದು ವರ್ಷದಲ್ಲಿ ನಾನು ರೊಟ್ಟಿ ಬಡಿಯುವುದನ್ನು ಕಲಿತೆ. ನನ್ನ ರೊಟ್ಟಿ ದೊಡ್ಡವ್ವನ ರೊಟ್ಟಿಗಿಂತ ತೆಳ್ಳಗೆ ಬರುತ್ತಿತ್ತು, ಗಿರಾಕಿಗಳು ಹೊಗಳುತ್ತಿದ್ದರು. ತಂಗಿ ಪಕ್ಕದಲ್ಲಿ ಕೂತು ಹಿಟ್ಟಿನಲ್ಲಿ ಗುಬ್ಬಿ ಮಾಡುತ್ತಿದ್ದಳು. ಆಗಾಗ ಕಮಲಾಪುರದಿಂದ ದೊಡ್ಡವ್ವನ ತವರಿನ ಕಡೆಯ ಒಬ್ಬಾಕೆ ಬರುತ್ತಿದ್ದಳು. ಬಾಳೆ ತೋಟದ ಮನೆಯವಳು, ಮಕ್ಕಳಿರಲಿಲ್ಲ. ಬಂದಾಗಲೆಲ್ಲ ಅವರೂರಿನ ಕೆಂಪು ಬಾಳೆಹಣ್ಣು ತರುತ್ತಿದ್ದಳು. ತಂಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ತಾನೇ ಸಿಪ್ಪೆ ಸುಲಿದು ತಿನ್ನಿಸುತ್ತಿದ್ದಳು. ನನಗೆ ಖುಷಿಯೇ ಆಗುತ್ತಿತ್ತು. ನನ್ನ ತಂಗಿಯನ್ನು ಕಂಡರೆ ಎಲ್ಲರಿಗೂ ಇಷ್ಟ ಎಂದು ಹೆಮ್ಮೆ ಬೇರೆ.

ಒಂದು ದಿನ ದೊಡ್ಡವ್ವ ಬಂಡಿ ಹೂಡಿಸಿದಳು. ಕಮಲಾಪುರದಲ್ಲಿ ಉಡಿ ತುಂಬುವ ಕಾರ್ಯವಿದೆ, ಮೂವರೂ ಹೋಗೋಣ ಎಂದಳು. ದಾರಿಯಲ್ಲಿ ನನ್ನ ಜಡೆ ಬಿಗಿಯುತ್ತಾ ಹೇಳಿದಳು, "ನಾಳಿ ತಂಗೀನ್ನ ನೀನಽ ಎತ್ತಿ ಬಾಳಿ ತೋಟದಾಕಿ ಉಡಿಯಾಗ ಕುಂದರಸಬೇಕು. ಹಿರ್‍ಯಾರು ಕೇಳ್ತಾರ. ಕೊಟ್ಟೀನಿ ಅನ್ನು."

"ಆಮ್ಯಾಲ?" ಎಂದೆ.

"ಆಮ್ಯಾಲೇನದ? ಉಂಡು ಮನಿಗೆ ಬರೋದು."

ನನಗೆ ಅನುಮಾನವೇ ಬರಲಿಲ್ಲ. ಸೊಲ್ಲಾಪುರದ ನಮ್ಮ ಓಣಿಯಲ್ಲಿ ಮದುವೆಯಾದರೆ ಹೊಸ ಮದುಮಗಳ ಉಡಿಯಲ್ಲಿ ಒಂದು ಕೂಸನ್ನು ಕೂರಿಸುತ್ತಿದ್ದರು, ಅವಳಿಗೂ ಮಕ್ಕಳಾಗಲಿ ಎಂದು. ತಂಗಿ ತೊಟ್ಟಿಲ ಕೂಸಾಗಿದ್ದಾಗ ನಾನೇ ಎರಡು ಮದುವೆಗೆ ಅವಳನ್ನು ಕೂರಿಸಿದ್ದೆ. ಕೊಟ್ಟೀನಿ ಎನ್ನಬೇಕು, ಮದುಮಗಳು ಕೂಸಿನ ಕೈಗೆ ಕೊಬ್ಬರಿ ಸಕ್ಕರೆ ಇಟ್ಟು ತಿರುಗಿ ಕೊಡಬೇಕು, ಎಲ್ಲರೂ ನಗಬೇಕು. ಆಕೆಗೂ ಮಕ್ಕಳಿರಲಿಲ್ಲವಲ್ಲ, ಇದೂ ಅದೇ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಪಡಸಾಲೆಯ ತುಂಬ ಜನ. ತಂಗಿಗೆ ಹೊಸ ಪರಕಾರ ಉಡಿಸಿದ್ದರು, ಕೈ ತುಂಬ ಬಳೆ. ಆ ಮನೆಯಾಕೆ ಮಣೆಯ ಮೇಲೆ ಕೂತು ಸೆರಗು ಒಡ್ಡಿದಳು. ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ ಹಾಕಿದರು. ಆಮೇಲೆ ಒಬ್ಬ ಹಿರಿಯ ಕೇಳಿದ, "ಕೂಸಿನ ಕಡೆಯವರು ಯಾರು? ಹೊರಗಿನವರ ಕೈ ನಡೆಯಂಗಿಲ್ಲ, ರಕ್ತಸಂಬಂಧ ಆಗಬೇಕು."

ದೊಡ್ಡವ್ವ ನನ್ನ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ನೂಕಿದಳು. "ಈಕಿ ಒಡಹುಟ್ಟಿದಾಕಿ ರೀ."

ಗುಡಿಸಲಿನಲ್ಲಿ ಹತ್ತು ದಿನ ಯಾರೂ ಕೇಳದ ನನ್ನನ್ನು ಅಂದು ಅಷ್ಟು ದೊಡ್ಡವರೆಲ್ಲ ಕೇಳಿದರು. ಒಂದು ಸಲವಲ್ಲ, ಮೂರು ಸಲ. "ಮನಸಿನಿಂದ ಕೊಟ್ಟಿಯೇನವಾ?" ನಾನು ತಂಗಿಯನ್ನು ಎತ್ತಿ ಆ ಉಡಿಯಲ್ಲಿ ಕೂರಿಸಿದೆ. ಮೂರು ಸಲವೂ ಗಟ್ಟಿಯಾಗಿ "ಕೊಟ್ಟೀನ್ರಿ" ಎಂದೆ. ನಂತರ ಪದ್ಧತಿಯಂತೆ ಅವಳನ್ನು ತಿರುಗಿ ಎತ್ತಿಕೊಳ್ಳಲು ಕೈ ಚಾಚಿದೆ.

ಆಕೆ ಸೆರಗನ್ನು ಕೂಸಿನ ಸುತ್ತ ಬಿಗಿದುಕೊಂಡು ಎದ್ದಳು, ಒಳಗೆ ಹೋದಳು. ಬಾಗಿಲು ಮುಂದೆ ಮಾಡಿದರು. ಯಾರೂ ನಗಲಿಲ್ಲ. ಈ ಊರಿನಲ್ಲಿ ಒಳಗೆ ಒಯ್ದು ದೇವರಿಗೆ ತೋರಿಸಿ ತರುತ್ತಾರೇನೋ ಎಂದುಕೊಂಡು ನಾನು ಹೊರಗೆ ಕಟ್ಟೆಯ ಮೇಲೆ ಕೂತೆ. ಯಾರೋ ಕೈಗೆ ಎರಡು ಕೆಂಪು ಬಾಳೆಹಣ್ಣು ಕೊಟ್ಟರು. ಒಳಗಿನಿಂದ ತಂಗಿ "ಅಕ್ಕಾ" ಎಂದು ಕೂಗುವುದು ಕೇಳಿಸಿತು. ಬರುತ್ತಾಳೆ, ಈಗ ಬರುತ್ತಾಳೆ ಎಂದುಕೊಂಡೆ. ಹಸಿವಾಗಿತ್ತು, ಎರಡನ್ನೂ ತಿಂದೆ.

ದೊಡ್ಡವ್ವ ಬಂದು ಬಂಡಿ ಹತ್ತು ಎಂದಳು.

"ತಂಗಿ?"

"ಆಕಿ ಇನ್ನ ಇಲ್ಲಿಯಾಕಿ. ನೀನಽ ಕೊಟ್ಟಿಯಲ್ಲ, ನಾಕು ಮಂದಿ ಎದುರಿಗೆ."

ನಾನು ಬಂಡಿಯ ಗಾಲಿ ಹಿಡಿದುಕೊಂಡೆ. ಎತ್ತಿ ಹಾಕಿದರು. ಊರು ದಾಟುವವರೆಗೆ ಅವಳ ಕೈ ಕಚ್ಚಿದೆ, ಅವಳು ಕೈ ಎಳೆದುಕೊಳ್ಳಲಿಲ್ಲ. "ಆಕಿಗೆ ಒಂದು ಮನಿ ಆತು, ನಿನಗ ನಾ ಇದ್ದೀನಿ. ಇಬ್ಬರನ್ನ ಸಾಕೋ ತಾಕತ್ತು ನನಗೆಲ್ಲಿಂದ ಬರಬೇಕು?" ಎಂದಳು. ಅದೂ ನಿಜವೇ ಇರಬಹುದು. ಆದರೆ ಆ ಮಾತನ್ನು ಹೋಗುವಾಗ ಹೇಳಬೇಕಿತ್ತು. ಹೇಳಿದ್ದರೆ ನಾನು ಕೊಟ್ಟೀನಿ ಎನ್ನುತ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲ. ನಂಬಿಸಿ ಕುತ್ತಿಗೆ ಕೊಯ್ದಳು, ಕೊಯ್ಯಲು ನನ್ನ ಕೈಯನ್ನೇ ಬಳಸಿದಳು. ಸಾಯುವವರೆಗೆ ಅವಳ ಸೇವೆ ಮಾಡಿದೆ, ದೊಡ್ಡವ್ವ ಎಂದು ಮಾತ್ರ ಮತ್ತೆ ಕರೆಯಲಿಲ್ಲ.

ಅವಳು ಇರುವವರೆಗೆ ನನ್ನನ್ನು ಕಮಲಾಪುರದ ಕಡೆ ಬಿಡಲಿಲ್ಲ. ಅವಳ ದಿನಕರ್ಮ ಮುಗಿಸಿ, ಎಂಟು ವರ್ಷದ ಮೇಲೆ ಒಬ್ಬಳೇ ಹೋದೆ. ತಂಗಿ ಅದೇ ಕಟ್ಟೆಯ ಮೇಲೆ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಅವ್ವನದೇ ಮೂಗು, ಅವ್ವನದೇ ಕೂರುವ ರೀತಿ. ನಾನು ಯಾರೆಂದು ಹೇಳಿದೆ. ದಾರಿಯುದ್ದಕ್ಕೂ ಉರು ಹೊಡೆದುಕೊಂಡು ಬಂದದ್ದನ್ನೆಲ್ಲ ಹೇಳಿದೆ. ನನಗೆ ತಿಳಿಯಲಿಲ್ಲ, ಮದುವೆಯ ಶಾಸ್ತ್ರವೆಂದುಕೊಂಡೆ, ನನಗೆ ಮೋಸ ಮಾಡಿದರು ಎಂದೆ.

ಅವಳು ಮೊರ ಕೆಳಗಿಟ್ಟು ಒಳಗೆ ಹೋಗಿ ನೀರು ತಂದು ಕೊಟ್ಟಳು, ಬಂದ ಯಾರಿಗಾದರೂ ಕೊಡುವಂತೆ.

"ಕೊಟ್ಟೀನಿ ಅಂತ ಮೂರು ಸಲ ಅಂದಿರಂತ, ಅದು ಮಂದಿ ಹೇಳಿದ್ದು" ಎಂದಳು. "ಅದು ಸುಳ್ಳಿರಬಹುದು ಅಂತ ನಾನೂ ಭಾಳ ದಿನ ಅಂದುಕೊಂಡಿದ್ದೆ ರೀ. ಆದರ ಒಂದು ನಾನಽ ಕಂಡೀನಿ. ಬಾಗಿಲ ಸಂದಿಯಾಗಿಂದ ನಾ ನಿಮ್ಮನ್ನ ಕರೀಲಾಕತ್ತಿದ್ದೆ. ನೀವು ಈ ಕಟ್ಟಿ ಮ್ಯಾಲ ಕುಂತು ಬಾಳಿಹಣ್ಣು ತಿನ್ನಾಕತ್ತಿದ್ರಿ."